ಸೋರುವ ಮಾಳಿಗೆಯ ಹಾಡು ಇಂಗ್ಲೆಂಡಿನ ಪಟ್ಟಿ ಹತ್ತಿದ ಕಥೆ

ನಮ್ಮ ಬಾಪೂಜಿ ನಗರದ ಭಜನೆ ಗುಂಪಿನಲ್ಲಿ ಶರೀಫಜ್ಜನ ಪದ ಹಾಡದೆ ಮಂಗಳಾರತಿ ಎತ್ತೋ ರೂಢಿಯೇ ಇಲ್ಲ. ಆ ಪದಗಳಲ್ಲಿ ಎರಡು 2010ರಲ್ಲಿ ಇಂಗ್ಲೆಂಡಿನ ಹಾಡಿನ ಪಟ್ಟಿಯೊಂದರ ಮೇಲ್ತುದಿಗೆ ಹೋಗಿ ಕೂತಿದ್ದವು ಅಂತ ಹೇಳಿದ್ರೆ ಅರ್ಧ ಜನ ನಂಬಲ್ಲ. ನಂಬೋ ಇನ್ನರ್ಧ ಜನ "ನಮ್ಮ ರಘು ದೀಕ್ಷಿತ್ ಲಂಡನ್ನಲ್ಲಿ ನಂಬರ್ ಒನ್ ಬಂದಿದ್ರಂತೆ" ಅಂತಾರೆ, ಅಷ್ಟೇ. ನಮ್ಮ ಅತ್ತಿಗೆ ಮಾತ್ರ ಸರಿಯಾದ ಪ್ರಶ್ನೆ ಕೇಳಿದ್ರು: "ನಂಬರ್ ಒನ್ನು ಅಂದ್ರೆ ಯಾವುದರಲ್ಲಿ? ಯಾರು ಎಣಿಸಿದ್ದು? ಎಣಿಸಿದ್ದು ಏನನ್ನ?" ಆ ಮೂರು ಪ್ರಶ್ನೆಗೂ ಉತ್ತರ ಬರೆಯೋಣ ಅಂತ ಕೂತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಓದಿ.

ಮೊದಲು ಹಾಡು ಯಾರದು ಅನ್ನೋದು. ಶಿಶುನಾಳ ಶರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಸ್ವಲ್ಪ ಕಾಲ ಶಾಲೆ ಮೇಷ್ಟ್ರಾಗಿದ್ದವರು. ಕಳಸದ ಗೋವಿಂದ ಭಟ್ಟರು ಅವರಿಗೆ ಗುರುಗಳು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಎರಡೂ ಕಡೆಯವರು ಬಾಯಿಗೆ ಬಂದಹಾಗೆ ಆಡಿಕೊಂಡ್ರೂ ಗುರುವೂ ಬಿಡಲಿಲ್ಲ, ಶಿಷ್ಯನೂ ಬಿಡಲಿಲ್ಲ ಅಂತ ಕಥೆ ಹೇಳ್ತಾರೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಗದ್ದುಗೆಗೆ ಇವತ್ತಿಗೂ ಎರಡೂ ಧರ್ಮದವರು ಹೋಗ್ತಾರೆ.

ಅವರ ಪದಗಳಲ್ಲಿ ನಮಗೆ ಹತ್ತಿರ ಅನ್ನಿಸೋದು ಯಾಕೆ ಅಂದ್ರೆ, ವಿಷಯ ವೇದಾಂತದ್ದೇ ಆದ್ರೂ ಸಾಮಾನೆಲ್ಲ ಮನೆಯದು. ಹುಕ್ಕಾ ಸೇದೋ ಗುಡುಗುಡಿ, ಕೋಳಿ, ಬೀಗರು, ಸೋರೋ ಮನೆ. ಈ "ಸೋರುತಿಹುದು ಮನೆಯ ಮಾಳಿಗಿ" ಅನ್ನೋ ಪದದ ಮಾಳಿಗೆ ನಮ್ಮ ಕಡೆಯ ಹೆಂಚಿನ ಮನೆ ಅಲ್ಲ. ಧಾರವಾಡ, ಹಾವೇರಿ ಕಡೆ ತೊಲೆ ಜಂತೆ ಹಾಕಿ, ಮೇಲೆ ಕಟ್ಟಿಗೆ ಹರಡಿ, ಅದರ ಮೇಲೆ ಮಣ್ಣು ಹಾಕಿ ಗಟ್ಟಿ ಮಾಡಿದ ಸಪಾಟು ಛಾವಣಿ. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಹತ್ತಿ, ಬಿರುಕು ನೋಡಿ, ಹೊಸ ಮಣ್ಣು ಹಾಕಬೇಕು. ಒಂದು ವರ್ಷ ಸೋಮಾರಿತನ ಮಾಡಿದ್ರೆ ಮನೆ ಒಳಗೆ ಪಾತ್ರೆ ಇಟ್ಟುಕೊಂಡು ಕೂತಿರಬೇಕಾಗುತ್ತೆ. ಶರೀಫರು ಆ ಮನೆಯನ್ನ ನಮ್ಮ ದೇಹ ಅಂತಲೂ ಮನಸ್ಸು ಅಂತಲೂ ಮಾಡಿ, ರಿಪೇರಿ ಮಾಡೋರೇ ಇಲ್ಲವಲ್ಲ ಅಂತ ಹಾಡಿದ್ರು. ಆರ್‌ಸಿಸಿ ಮನೆ ಕಟ್ಟಿಸಿ ಐದೇ ವರ್ಷಕ್ಕೆ ಬಾತ್‌ರೂಮಿನ ಮೇಲೆ ಒದ್ದೆ ಕಲೆ ಬಂದು ವಾಟರ್‌ಪ್ರೂಫಿಂಗ್‌ನವರ ಹಿಂದೆ ಓಡಾಡಿದ ನಮ್ಮಂಥವರಿಗೆ ಈ ಪದದ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಶರೀಫರ ಕಾಲದಲ್ಲಿ ಹಾಡು ಮಾರೋ ವಸ್ತು ಆಗಿರಲಿಲ್ಲ. ನಮ್ಮ ದೇಶದಲ್ಲಿ ಹಾಡನ್ನ ಗ್ರಾಮಫೋನ್ ತಟ್ಟೆಗೆ ಹಿಡಿಯೋಕೆ ಶುರು ಮಾಡಿದ್ದು 1902ರಲ್ಲಿ, ಕಲ್ಕತ್ತಾದಲ್ಲಿ. ಆಗ ಹಾಡಿದ ದೊಡ್ಡ ಹೆಸರು ಗೌಹರ್ ಜಾನ್. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ್ರು. ಶರೀಫರು ಹೋಗಿ ಹದಿಮೂರು ವರ್ಷ ಆದಮೇಲೆ ಆ ಯಂತ್ರ ಬಂದದ್ದು. ಹಾಗಾಗಿ ಅವರ ದನಿ ಹೇಗಿತ್ತೋ ಯಾರಿಗೂ ಕೇಳಿಸೋ ಹಾಗಿಲ್ಲ. ಪದಗಳು ಉಳಿದದ್ದು ಬಾಯಿಂದ ಬಾಯಿಗೆ. ಏಕತಾರಿ, ದಮ್ಮಡಿ ಹಿಡಿದು ಹಾಡೋರು, ಭಜನೆ ಮೇಳದವರು, ರಾತ್ರಿ ಜಾಗರಣೆಯವರು, ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ಉಳಿಸಿಕೊಟ್ಟದ್ದು. ಪುಸ್ತಕದಲ್ಲಿ ಅಚ್ಚಾದದ್ದು ಆಮೇಲೆ.

ಈಗ ಅತ್ತಿಗೆ ಕೇಳಿದ ಪಟ್ಟಿಯ ವಿಷಯಕ್ಕೆ ಬರ್ತೀನಿ. ಹಾಡು ತಟ್ಟೆಯಾಗಿ ಅಂಗಡಿಗೆ ಬಂದಮೇಲೆ ಯಾವುದು ಎಷ್ಟು ಮಾರಾಟ ಆಯ್ತು ಅನ್ನೋ ಲೆಕ್ಕ ಶುರುವಾಯ್ತು. ಅಮೆರಿಕದಲ್ಲಿ ಬಿಲ್‌ಬೋರ್ಡ್ ಅನ್ನೋ ಪತ್ರಿಕೆ ಅಂಗಡಿ ಮಾರಾಟದ ಪಟ್ಟಿಯನ್ನ 1940ರಲ್ಲಿ ಹಾಕೋಕೆ ಶುರು ಮಾಡ್ತು. ಇಂಗ್ಲೆಂಡಿನಲ್ಲಿ 1952ರ ನವೆಂಬರ್ 14ರಂದು ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಅನ್ನೋ ವಾರಪತ್ರಿಕೆ ಮೊದಲ ಪಟ್ಟಿ ಹಾಕ್ತು. ಅದನ್ನ ಮಾಡಿದ ರೀತಿ ಕೇಳಿದ್ರೆ ನಗು ಬರುತ್ತೆ. ಪತ್ರಿಕೆಯವರೊಬ್ಬರು ಸುಮಾರು ಇಪ್ಪತ್ತು ಅಂಗಡಿಗೆ ಫೋನ್ ಮಾಡಿ "ಈ ವಾರ ಯಾವ ತಟ್ಟೆ ಜಾಸ್ತಿ ಹೋಯ್ತು?" ಅಂತ ಕೇಳಿ ಬರೆದುಕೊಂಡ್ರು. ಹನ್ನೆರಡು ಸ್ಥಾನ. ಮೊದಲನೇ ಸ್ಥಾನ ಆಲ್ ಮಾರ್ಟಿನೋ ಅನ್ನೋ ಅಮೆರಿಕದ ಹಾಡುಗಾರನಿಗೆ. ಅಂದ್ರೆ ಜಗತ್ತೆಲ್ಲ ಮಾತಾಡೋ ಬ್ರಿಟಿಷ್ ಚಾರ್ಟು ಹುಟ್ಟಿದ್ದು, ನಾವು ನಾಲ್ಕು ತರಕಾರಿ ಅಂಗಡಿಯಲ್ಲಿ ಟೊಮೆಟೊ ರೇಟು ವಿಚಾರಿಸ್ತೀವಲ್ಲ, ಆ ಥರದ ವಿಚಾರಣೆಯಿಂದ.

ಅದೇ 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಶುರುವಾಯ್ತು. ನಿಮ್ಮಲ್ಲಿ ಐವತ್ತು ದಾಟಿದವರಿಗೆ ಆ ದನಿ ಮರೆಯೋಕೆ ಸಾಧ್ಯವಾ? ಬುಧವಾರ ರಾತ್ರಿ ರೇಡಿಯೋ ಕಿವಿ ತಿರುಗಿಸಿ, ಕರಕರ ಸದ್ದಿನ ಮಧ್ಯೆ, ಯಾವ ಹಾಡು ಯಾವ "ಪಾಯ್ದಾನ್" ಮೇಲಿದೆ ಅಂತ ಕಾಯೋದು. ಪಾಯ್ದಾನ್ ಅಂದ್ರೆ ಮೆಟ್ಟಿಲು ಅಂತ ನನಗೆ ಗೊತ್ತಾದದ್ದೇ ಎಷ್ಟೋ ವರ್ಷ ಆದಮೇಲೆ. ಆದ್ರೆ ಅದು ಹಿಂದಿ ಸಿನಿಮಾ ಹಾಡಿನ ಏಣಿ. ಕನ್ನಡಕ್ಕೆ ಅಲ್ಲಿ ಒಂದು ಮೆಟ್ಟಿಲೂ ಇರಲಿಲ್ಲ. ರಾಜ್‌ಕುಮಾರ್ ಅವರ ಹಾಡು ಇಡೀ ಕರ್ನಾಟಕದಲ್ಲಿ ಮೊಳಗ್ತಾ ಇದ್ದರೂ ಆ ಏಣಿಗೆ ಗೊತ್ತೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದ್ರೆ ಹಾಡೇ ಇಲ್ಲ ಅಂತಲ್ಲ, ಆ ಪಟ್ಟಿ ಬರೆಯೋರು ಆ ಕಡೆ ಕಿವಿ ಕೊಟ್ಟಿಲ್ಲ ಅಂತ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹಾಗಿದ್ರೆ ಹಾವೇರಿ ಕಡೆಯ ಪದ ನಮ್ಮ ಬೆಂಗಳೂರಿನ ಮನೆಗೆ ಬಂದದ್ದು ಹೇಗೆ? ರೇಡಿಯೋದಲ್ಲಿ, ಆಮೇಲೆ ಕ್ಯಾಸೆಟ್ಟಿನಲ್ಲಿ. ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನ, ಜಾನಪದವನ್ನ, ದಾಸರ ಪದಗಳನ್ನ ವೇದಿಕೆ ಮೇಲೆ ಹಾಡಿ ಜನರಿಗೆ ರುಚಿ ಹತ್ತಿಸಿದ್ರು. ಆಮೇಲೆ ಮೈಸೂರು ಅನಂತಸ್ವಾಮಿ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದ "ನಿತ್ಯೋತ್ಸವ" 1978ರಲ್ಲಿ ಕ್ಯಾಸೆಟ್ಟಾಗಿ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅದೇ ಅಂತಾರೆ. ಆ ಹೊತ್ತಿಗೆ ಮಧ್ಯಮ ವರ್ಗದ ಮನೆಗಳಿಗೆ ಟೇಪ್ ರೆಕಾರ್ಡರ್ ಬರೋಕೆ ಶುರುವಾಗಿತ್ತು. ದುಬೈಯಿಂದ ಯಾರಾದ್ರೂ ಬಂದ್ರೆ ಮೊದಲು ಕೇಳ್ತಿದ್ದದ್ದೇ ಅದನ್ನ. ಟೇಪು ಸಿಕ್ಕಿಹಾಕಿಕೊಂಡ್ರೆ ಪೆನ್ಸಿಲ್ ಹಾಕಿ ತಿರುಗಿಸ್ತಿದ್ದದ್ದು ನೆನಪಿದೆಯಾ?

ಶರೀಫರನ್ನ ಮನೆಮನೆಗೆ ತಂದವರು ಸಿ. ಅಶ್ವಥ್. ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡ್ತಾ ಹಾಡಿಕೊಂಡು ಬಂದವರು. ನಾಡಿನ ಎಲ್ಲ ಕಾರ್ಖಾನೆಯವರ, ಆಫೀಸಿನವರ ಹೆಮ್ಮೆ. ಶಿವಮೊಗ್ಗ ಸುಬ್ಬಣ್ಣನವರೂ ಶರೀಫರನ್ನ ಬಹಳ ಹಾಡಿದ್ರು. 1990ರಲ್ಲಿ ಟಿ. ಎಸ್. ನಾಗಾಭರಣ ಅವರ "ಸಂತ ಶಿಶುನಾಳ ಶರೀಫ" ಸಿನಿಮಾ ಬಂತು. ಶ್ರೀಧರ್ ಶರೀಫರಾದ್ರು, ಗಿರೀಶ್ ಕಾರ್ನಾಡರು ಗೋವಿಂದ ಭಟ್ಟರಾದ್ರು, ಸಂಗೀತ ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡೋ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಅಲ್ಲಿಂದಾಚೆಗೆ ಮೈಸೂರು ರಸ್ತೆಯ ಗಣೇಶನ ಪೆಂಡಾಲುಗಳಲ್ಲೂ, ನವೆಂಬರ್ ತಿಂಗಳ ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲೂ ಶರೀಫರ ಒಂದು ಪದ ಇಲ್ಲದೇ ಕಾರ್ಯಕ್ರಮ ಮುಗೀತಾನೇ ಇರಲಿಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವಥ್ ಅವರ "ಕನ್ನಡವೇ ಸತ್ಯ" ಕಾರ್ಯಕ್ರಮಕ್ಕೆ ಸೇರಿದ ಜನಸಾಗರವನ್ನ ನೋಡಿದವರು ಇವತ್ತಿಗೂ ಹೇಳ್ತಾರೆ. ಸಿನಿಮಾ ಹಾಡಲ್ಲ, ಕವಿತೆ ಕೇಳೋಕೆ ಬಂದ ಜನ ಅದು.

ಅಶ್ವಥ್ ತೀರಿಕೊಂಡದ್ದು 2009ರ ಡಿಸೆಂಬರ್ 29ಕ್ಕೆ. ಅವರು ಹುಟ್ಟಿದ ತಾರೀಖೂ ಅದೇ. ಎಪ್ಪತ್ತು ತುಂಬಿದ ದಿನವೇ ಹೋದ್ರು. ಮಾರನೇ ವರ್ಷ ಇಂಗ್ಲೆಂಡಿನ ಟಿವಿಯಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಹಾಡ್ತು.

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ., ಚಿನ್ನದ ಪದಕ. ಜೊತೆಗೆ ಭರತನಾಟ್ಯ ಕಲಿತವರು. ಹುಡುಗ ಗೆಜ್ಜೆ ಕಟ್ತಾನೆ ಅಂತ ಕಾಲೇಜಿನಲ್ಲಿ ಒಬ್ಬ ಸ್ನೇಹಿತ ಛೇಡಿಸಿ, ಗಿಟಾರ್ ಕಲಿ ನೋಡೋಣ ಅಂತ ಪಂಥ ಕಟ್ಟಿದ್ದಕ್ಕೆ ಗಿಟಾರ್ ಹಿಡಿದದ್ದು ಅಂತ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬೆಲ್ಜಿಯಂನಲ್ಲಿ ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಅದನ್ನ ಬಿಟ್ಟು ಬಂದು ಬೆಂಗಳೂರಿನಲ್ಲಿ ಹಾಡ್ತೀನಿ ಅಂತ ನಿಂತ್ರು. ನಮ್ಮ ಮನೆ ಹುಡುಗ ಹಾಗೆ ಮಾಡಿದ್ರೆ ನಾವು ಏನಂತಿದ್ವಿ ಅಂತ ಒಂದು ಸಲ ಯೋಚನೆ ಮಾಡಿ. ನಾನಂತೂ ದೇವರಿಗೆ ಹರಕೆ ಕಟ್ಟಿಕೊಳ್ತಿದ್ದೆ.

ಮೊದಲು "ಅಂತರಾಗ್ನಿ" ಅಂತ ಒಂದು ತಂಡ ಇತ್ತು. ಅದು ಒಡೆದ ಮೇಲೆ "ರಘು ದೀಕ್ಷಿತ್ ಪ್ರಾಜೆಕ್ಟ್" ಮಾಡಿಕೊಂಡ್ರು. ಖಾಯಂ ಇಷ್ಟೇ ಜನ ಅಂತಿಲ್ಲ, ನುಡಿಸೋ ಮನಸ್ಸಿದ್ದವರು ಬಂದು ಸೇರಬಹುದು ಅನ್ನೋ ಥರದ ತೆರೆದ ಮನೆ. ವರ್ಷಗಟ್ಟಲೆ ಹಾಡು ಹಿಡ್ಕೊಂಡು ಕ್ಯಾಸೆಟ್ ಕಂಪನಿಗಳ ಬಾಗಿಲು ತಟ್ಟಿದ್ರೂ ಯಾರೂ ತೆಗೀಲಿಲ್ಲ. ಕೊನೆಗೆ ಮುಂಬೈಯ ವಿಶಾಲ್-ಶೇಖರ್ ಜೋಡಿ ಇವರ ಹಾಡು ಕೇಳಿ ಮೆಚ್ಚಿ, 2008ರಲ್ಲಿ ಆಲ್ಬಂ ಹೊರಗೆ ತಂದ್ರು. ಅದರಲ್ಲಿ ಹಿಂದಿ ಹಾಡು ಇದ್ದವು, ಇಂಗ್ಲಿಷಿನದೂ ಇತ್ತು, ಜೊತೆಗೆ ಶರೀಫರ ಎರಡು ಪದ: ಒಂದು ಗುಡುಗುಡಿಯದು, ಇನ್ನೊಂದು ಸೋರೋ ಮಾಳಿಗೆಯದು. ಆ ಪದಗಳಿಗೆ ಗಿಟಾರು, ಡ್ರಮ್ಸು, ಪಿಟೀಲು ಸೇರಿಸಿ ತಮ್ಮದೇ ರೀತಿಯಲ್ಲಿ ಹಾಡಿದ್ರು. ಅದೇ ವರ್ಷ "ಸೈಕೋ" ಅನ್ನೋ ಕನ್ನಡ ಸಿನಿಮಾಕ್ಕೆ ಅವರು ಮಾಡಿದ ಮಹದೇಶ್ವರನ ಹಾಡು ನಮ್ಮ ಏರಿಯಾದ ಆಟೋಗಳಲ್ಲೆಲ್ಲ ಕೇಳಿಸ್ತಿತ್ತು. ಸಿನಿಮಾ ನೋಡದವರ ಬಾಯಲ್ಲೂ ಆ ಹಾಡು ಇತ್ತು.

ಆಮೇಲೆ ಇಂಗ್ಲೆಂಡಿನ ಬೇಸಿಗೆ ಸಂಗೀತ ಜಾತ್ರೆಗಳು. ಜಾತ್ರೆ ಅಂತ ಸುಮ್ಮನೆ ಹೇಳ್ತಿಲ್ಲ. ಬಯಲಲ್ಲಿ ಡೇರೆ ಹಾಕಿಕೊಂಡು, ಕೆಸರು ತುಳ್ಕೊಂಡು, ಮೂರು ದಿನ ನಾಲ್ಕು ದಿನ ಸಂಸಾರ ಸಮೇತ ಇದ್ದು ಹಾಡು ಕೇಳೋದು. ನಮ್ಮ ಘಾಟಿ ದನಗಳ ಜಾತ್ರೆಯಲ್ಲಿ ದನದ ಬದಲು ಬ್ಯಾಂಡ್ ಇದ್ರೆ ಹೇಗಿರುತ್ತೋ ಹಾಗೆ. ಅಲ್ಲಿ ಇವರು ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಕನ್ನಡದಲ್ಲೇ ಹಾಡಿ ಬಂದಿದ್ದವರನ್ನೆಲ್ಲ ಕುಣಿಸಿದ್ರು. ಕಾಲೇಜಿನಲ್ಲಿ ಛೇಡಿಸಿಕೊಂಡ ಅದೇ ಗೆಜ್ಜೆ ನೋಡಿ.

2010ರಲ್ಲಿ ಬಿಬಿಸಿ ಎರಡನೇ ಚಾನೆಲ್‌ನಲ್ಲಿ ಜೂಲ್ಸ್ ಹಾಲೆಂಡ್ ಅನ್ನೋರು ನಡೆಸೋ "ಲೇಟರ್" ಕಾರ್ಯಕ್ರಮಕ್ಕೆ ಕರೆ ಬಂತು. 1992ರಿಂದ ನಡೀತಾ ಇರೋ ಕಾರ್ಯಕ್ರಮ ಅದು. ದೊಡ್ಡ ಹೆಸರಿನವರೂ ಹೊಸಬರೂ ಒಂದೇ ಕೋಣೆಯಲ್ಲಿ ಸುತ್ತ ನಿಂತು, ಒಬ್ಬರಾದ ಮೇಲೆ ಒಬ್ಬರು ಎದುರೆದುರೇ ಹಾಡೋದು ಅದರ ವಿಶೇಷ. ಅಲ್ಲಿ ಹಾಡಿದ್ದು ಪ್ರಸಾರ ಆದ ಮೇಲೆ ಜನ ಕಂಪ್ಯೂಟರ್ ಮುಂದೆ ಕೂತು ಆಲ್ಬಂ ಕೊಂಡ್ರು. ಆಪಲ್ ಕಂಪನಿಯ ಐಟ್ಯೂನ್ಸ್ ಅನ್ನೋ ಹಾಡಿನ ಅಂಗಡಿ ಬ್ರಿಟನ್ನಿನಲ್ಲಿ 2004ರಿಂದ ಇತ್ತು. ಆ ಅಂಗಡಿಯ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ರಘು ದೀಕ್ಷಿತ್ ಆಲ್ಬಂ ಮೊದಲನೇ ಸ್ಥಾನಕ್ಕೆ ಹತ್ತಿತು.

ಈಗ ಅತ್ತಿಗೆಯ ಪ್ರಶ್ನೆಗೆ ನೇರ ಉತ್ತರ ಕೊಡಬಹುದು. ಯಾವುದರಲ್ಲಿ ನಂಬರ್ ಒನ್? ಇಡೀ ಬ್ರಿಟನ್ನಿನ ಎಲ್ಲ ಹಾಡುಗಳಲ್ಲಿ ಅಲ್ಲ. ಒಂದು ಅಂಗಡಿಯಲ್ಲಿ, ಆ ಅಂಗಡಿಯ ಒಂದು ಕಪಾಟಿನಲ್ಲಿ. ಆ ಕಪಾಟಿನ ಹೆಸರು ವರ್ಲ್ಡ್ ಮ್ಯೂಸಿಕ್. ಈ ಹೆಸರಿಗೂ ಒಂದು ಕಥೆ ಇದೆ. 1987ರ ಜೂನ್ ತಿಂಗಳಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ಸಣ್ಣ ಸಣ್ಣ ರೆಕಾರ್ಡ್ ಕಂಪನಿಯವರು ಸೇರಿದ್ರು. ಆಫ್ರಿಕಾದ್ದು, ಬಲ್ಗೇರಿಯಾದ್ದು, ನಮ್ಮ ದೇಶದ್ದು ಅಂತ ತಟ್ಟೆಗಳು ಅಂಗಡಿಗೆ ಹೋದ್ರೆ ಎಲ್ಲಿ ಇಡಬೇಕು ಅಂತ ಅಂಗಡಿಯವರಿಗೆ ತಿಳೀತಿರಲಿಲ್ಲ. ಮೂಲೆಗೆ ಹಾಕಿಬಿಡ್ತಿದ್ರು. ಎಲ್ಲಕ್ಕೂ ಸೇರಿಸಿ ಒಂದು ಹೆಸರಿನ ಚೀಟಿ ಇರಲಿ ಅಂತ ಅಲ್ಲಿ ಒಪ್ಪಿಕೊಂಡದ್ದೇ ವರ್ಲ್ಡ್ ಮ್ಯೂಸಿಕ್. ನಮ್ಮ ದಿನಸಿ ಡಬ್ಬಿಗಳ ಸಾಲಿನಲ್ಲಿ "ಇತರೆ" ಅಂತ ಬರೆದ ಡಬ್ಬಿ ಇರುತ್ತಲ್ಲ, ಏಲಕ್ಕಿ, ಲವಂಗ, ಜಾಕಾಯಿ ಎಲ್ಲ ಅದರಲ್ಲೇ. ಅಲ್ಲಿಯವರಿಗೆ ಇಂಗ್ಲಿಷಲ್ಲದ ಪ್ರಪಂಚವೆಲ್ಲ ಒಂದು ಡಬ್ಬಿ.

ಹಾಗಂತ ಅದು ಸಣ್ಣದು ಅಂತ ತಳ್ಳಿಹಾಕೋಕೆ ಹೋಗಬೇಡಿ. ಆ ಡಬ್ಬಿಯಲ್ಲಿ ಇಡೀ ಆಫ್ರಿಕಾ ಇದೆ, ದಕ್ಷಿಣ ಅಮೆರಿಕ ಇದೆ, ಅರಬ್ ದೇಶಗಳಿವೆ. ಅಷ್ಟರ ಮಧ್ಯೆ ಮೇಲೆ ಬರೋದು ಕಷ್ಟದ ಕೆಲಸವೇ. ಮರುವರ್ಷ, 2011ರಲ್ಲಿ, ಅಲ್ಲಿಯ ಸಾಂಗ್‌ಲೈನ್ಸ್ ಪತ್ರಿಕೆ ರಘು ದೀಕ್ಷಿತ್‌ಗೆ ವರ್ಷದ ಹೊಸ ಪ್ರತಿಭೆ ಅನ್ನೋ ಪ್ರಶಸ್ತಿ ಕೊಡ್ತು. 2012ರಲ್ಲಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷ ತುಂಬಿದ ಉತ್ಸವದಲ್ಲೂ ಹಾಡಿದ್ರು. 2013ರಲ್ಲಿ ಬಂದ ಎರಡನೇ ಆಲ್ಬಂ "ಜಗ್ ಚಂಗಾ"ದಲ್ಲಿ ಶರೀಫರ "ಲೋಕದ ಕಾಳಜಿ"ಯನ್ನೂ ಸೇರಿಸಿದ್ರು. ಹೊರಗೆ ಹೆಸರು ಬಂದ ಮೇಲೂ ಶರೀಫಜ್ಜನ ಕೈ ಬಿಡಲಿಲ್ಲ ಅನ್ನೋದು ನನಗೆ ಬಹಳ ಹಿಡಿಸಿದ ಸಂಗತಿ.

ನಮ್ಮ ಬೆಂಗಳೂರಿನವರೇ ಇನ್ನೊಬ್ಬರ ವಿಷಯವೂ ಹೇಳಿಬಿಡ್ತೀನಿ, ಯಾಕಂದ್ರೆ ಎರಡನ್ನೂ ಕಲಸಿ ಮಾತಾಡೋರಿದ್ದಾರೆ. ರಿಕ್ಕಿ ಕೇಜ್ ಅಂತ, ಹಲ್ಲಿನ ಡಾಕ್ಟರ್ ಓದು ಓದಿ ಸಂಗೀತಕ್ಕೆ ಬಂದವರು. ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಜೊತೆ ಮಾಡಿದ "ವಿಂಡ್ಸ್ ಆಫ್ ಸಂಸಾರ" 2014ರಲ್ಲಿ ಅಮೆರಿಕದ ಬಿಲ್‌ಬೋರ್ಡಿನ ನ್ಯೂ ಏಜ್ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಬಂತು. 2015ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಸಿಕ್ತು. 2022ರಲ್ಲಿ, 2023ರಲ್ಲಿ ಮತ್ತೆ ಗ್ರ್ಯಾಮಿ. ಅದೂ ಒಂದು ಕಪಾಟಿನ ಪಟ್ಟಿಯೇ. ಪ್ರಶಸ್ತಿ ಲೆಕ್ಕದಲ್ಲಿ ಅವರದು ದೊಡ್ಡದು. ಆದ್ರೆ ಅಜ್ಜನ ಕನ್ನಡ ಪದ ಹೊತ್ತುಕೊಂಡು ಹೋದದ್ದು ರಘು ದೀಕ್ಷಿತ್. ಅದಕ್ಕೇ ನನ್ನ ಕಥೆ ಅವರ ಮೇಲೆ ನಿಂತಿರೋದು.

ಇಷ್ಟು ಹೇಳಿದಾಗ ನಮ್ಮ ಗುಂಪಿನ ಹಿರಿಯರೊಬ್ಬರು ಮುಖ ಗಂಟಿಕ್ಕಿದ್ರು. "ಗಿಟಾರು ಡ್ರಮ್ಮು ಹಾಕಿ ಪದ ಕೆಡಿಸಿದ್ದಾರೆ, ಅಶ್ವಥ್ ಹಾಡಿದ್ದೇ ಸರಿ" ಅಂದ್ರು. ಹಿರಿಯರ ಮಾತಿಗೆ ಎದುರು ಮಾತಾಡೋಕೆ ಆಗಲ್ಲ, ಆದ್ರೆ ಇಲ್ಲಿ ಬರೀಬಹುದಲ್ಲ. ಅಶ್ವಥ್ ಹಾಡಿದ್ದರಲ್ಲಿ ಹಾರ್ಮೋನಿಯಂ ಇತ್ತು, ಪಿಟೀಲು ಇತ್ತು, ಕೊಳಲು, ತಬಲ ಇತ್ತು. ಹಾರ್ಮೋನಿಯಂ, ಪಿಟೀಲು ಎರಡೂ ಹೊರಗಿನಿಂದಲೇ ಬಂದವು. ಪಿಟೀಲನ್ನ ನಾವು ಕಛೇರಿಯಲ್ಲಿ ಎಷ್ಟು ನಮ್ಮದು ಮಾಡಿಕೊಂಡಿದ್ದೀವಿ ಅಂದ್ರೆ, ಅದು ಹಡಗಿನಲ್ಲಿ ಬಂದ ವಾದ್ಯ ಅಂತ ಯಾರಿಗೂ ನೆನಪೇ ಇಲ್ಲ. ಶರೀಫರ ಕೈಯಲ್ಲಿ ಇದ್ದಿರಬಹುದಾದದ್ದು ಏಕತಾರಿ, ದಮ್ಮಡಿ. ಆ ಕಾಲದವರು ಬಂದು ಅಶ್ವಥ್ ಹಾಡಿದ್ದು ಕೇಳಿದ್ರೆ ಅವರೂ ಮುಖ ಗಂಟಿಕ್ಕಬಹುದಿತ್ತೇನೋ. ಪದ ಒಂದೇ, ವಾದ್ಯ ಕಾಲಕ್ಕೆ ತಕ್ಕ ಹಾಗೆ. ಮಣ್ಣಿನ ಮಾಳಿಗೆಗೆ ಪ್ರತಿ ಮಳೆಗಾಲಕ್ಕೂ ಹೊಸ ಮಣ್ಣು ಹಾಕಿದ್ರೇನೇ ಅದು ನಿಲ್ಲೋದು ಅಂತ ಆಗಲೇ ಬರೆದೆನಲ್ಲ.

ಇನ್ನೊಂದು ಆಕ್ಷೇಪಣೆ ನಮ್ಮ ಮಕ್ಕಳ ಕಡೆಯಿಂದ. "ಅಮ್ಮಾ, ಅವರಿಗೆ ಕನ್ನಡ ಬರಲ್ಲ, ಅರ್ಥ ಗೊತ್ತಿಲ್ಲದೇ ಕುಣಿದ್ರೆ ಏನು ದೊಡ್ಡ ವಿಷಯ?" ನಿಜ, ಮಾಳಿಗೆ ಅಂದ್ರೇನು ಅಂತ ಅವರಿಗೆ ಗೊತ್ತಿರೋದಿಲ್ಲ. ಆದ್ರೆ ನಾವು ಗೀತ್‌ಮಾಲಾ ಕೇಳ್ತಾ ಬೆಳೆದಾಗ ನಮಗೆ ಎಷ್ಟು ಹಿಂದಿ ಬರ್ತಿತ್ತು? ನನ್ನ ತಾಯಿಗೆ ಒಂದು ವಾಕ್ಯ ಹಿಂದಿ ಬರ್ತಿರಲಿಲ್ಲ, ಲತಾ ಮಂಗೇಶ್ಕರ್ ಹಾಡು ಬಂದ್ರೆ ಒಗ್ಗರಣೆ ಸೌಟು ಕೈಯಲ್ಲೇ ಹಿಡ್ಕೊಂಡು ನಿಂತುಬಿಡ್ತಿದ್ರು. ತಮಿಳು, ತೆಲುಗು ಹಾಡು ಅರ್ಥ ಆಗದೇ ಕೇಳಿದ್ದೀವಿ. ಸಂಸ್ಕೃತದ ಸ್ತೋತ್ರ ದಿನಾ ಹೇಳ್ತೀವಿ, ಎಲ್ಲ ಪದದ ಅರ್ಥ ನಮಗೆ ಗೊತ್ತಾ? ಹಾಡು ಮೊದಲು ಕಿವಿಗೆ, ಆಮೇಲೆ ಬುದ್ಧಿಗೆ. ಅರ್ಥ ಬೇಕಾದವರು ಹುಡುಕಿಕೊಂಡು ಬರ್ತಾರೆ.

ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಬೇರೆ. ವಿದೇಶಕ್ಕೆ ಹೋಗಬೇಕಾದ್ರೆ ನಮ್ಮದನ್ನ ಕಳಚಿಟ್ಟು ಹೋಗಬೇಕು ಅಂತ ನಾವು ನಂಬಿಬಿಟ್ಟಿದ್ದೀವಿ. ಮಗುವಿಗೆ ಇಂಟರ್‌ವ್ಯೂ ಇದೆ ಅಂದ್ರೆ ಮನೆಯಲ್ಲಿ ಒಂದು ತಿಂಗಳು ಕನ್ನಡ ಬಂದ್. ಕನ್ನಡ ಹಾಡು ಅಂದ್ರೆ ನವೆಂಬರ್ ತಿಂಗಳಿಗೆ ಸಾಕು ಅನ್ನೋ ಹಾಗೆ ಆಗಿದೆ. ಆ ತಂಡದವರಿಗೆ ಇಂಗ್ಲಿಷ್ ಬರ್ತಿತ್ತು, ಹಿಂದಿಯಲ್ಲೂ ಹಾಡ್ತಿದ್ರು. ಬೇಕಿದ್ರೆ ಕನ್ನಡದ ಎರಡನ್ನ ತೆಗೆದು ಬೇರೆ ಎರಡು ಹಾಕಬಹುದಿತ್ತು. ತೆಗೀಲಿಲ್ಲ. ಉತ್ತರ ಕರ್ನಾಟಕದ "ಮನೆಯ ಮಾಳಿಗಿ"ಯನ್ನ ತಿದ್ದಿ "ಮಾಳಿಗೆ" ಅಂತಲೂ ಮಾಡಲಿಲ್ಲ. ಇದ್ದ ಹಾಗೇ ಕರಕೊಂಡು ಹೋದ್ರು, ಇದ್ದ ಹಾಗೇ ಅದು ಪಟ್ಟಿ ಹತ್ತಿತು. ನಮ್ಮ ಅಣ್ಣನ ಮಗಳು ಹೈಸ್ಕೂಲಿನಲ್ಲಿದ್ದಾಗ ಕನ್ನಡ ಹಾಡು ಹಾಕಿದ್ರೆ ಕಿವಿಗೆ ವೈರ್ ಸಿಗಿಸಿಕೊಂಡು ಎದ್ದು ಹೋಗ್ತಿದ್ದವಳು. ಕಾಲೇಜಿನಲ್ಲಿ ಯಾರೋ ಈ ಹಾಡು ಕೇಳಿಸಿದ ಮೇಲೆ "ಅತ್ತೆ, ಗುಡುಗುಡಿ ಅಂದ್ರೆ ಹುಕ್ಕಾನಾ? ಅದರಲ್ಲಿ ದೇವರು ಎಲ್ಲಿಂದ ಬಂದ?" ಅಂತ ಕೇಳಿಕೊಂಡು ಬಂದ್ಲು. ಅವತ್ತು ಅವಳಿಗೆ ಶರೀಫರ ಕಥೆ, ಗೋವಿಂದ ಭಟ್ಟರ ಕಥೆ ಎಲ್ಲ ಹೇಳಿದ್ದು ನಾನೇ. ಅದಕ್ಕೂ ಮುಂಚೆ ಹತ್ತು ಸಲ ಹೇಳೋಕೆ ಹೋಗಿದ್ದೆ, ಕೇಳಿಸಿಕೊಂಡಿರಲಿಲ್ಲ.

ಕೊನೆಯ ಪ್ರಶ್ನೆ ಉಳೀತು: ಎಣಿಸಿದ್ದು ಏನನ್ನ? ಆ ಪಟ್ಟಿ ಎಣಿಸಿದ್ದು ದುಡ್ಡು ಕೊಟ್ಟು ತಗೊಂಡದ್ದನ್ನ ಮಾತ್ರ. 1952ರ ಇಪ್ಪತ್ತು ಅಂಗಡಿಯಿಂದ ಹಿಡಿದು ಇವತ್ತಿನ ಮೊಬೈಲ್‌ವರೆಗೆ ಲೆಕ್ಕದ ದಾರಿ ಬದಲಾಗಿದೆ, ಆದ್ರೆ ಅಂಗಡಿಯ ಬಿಲ್ಲೋ ಮೊಬೈಲಿನ ಒತ್ತೋ ಇಲ್ಲದ್ದು ಲೆಕ್ಕಕ್ಕಿಲ್ಲ. ಶರೀಫರು ಹೋದಾಗಿಂದ 2010ರವರೆಗೆ 121 ವರ್ಷ. ಆ ಉದ್ದಕ್ಕೂ ಈ ಪದವನ್ನ ಹೊತ್ತು ತಂದ ಭಜನೆ ಮೇಳದವರು, ಭಿಕ್ಷೆಗೆ ಹಾಡೋರು, ಮಗು ಮಲಗಿಸ್ತಾ ಗುನುಗಿದವರು, ಕಾಳು ಹಸನು ಮಾಡ್ತಾ ಹಾಡಿದವರು ಯಾರೂ ಯಾವ ಪಟ್ಟಿಗೂ ಬರಲಿಲ್ಲ. ಅವರಲ್ಲಿ ಯಾರಾದ್ರೂ ನಡುವೆ ಹಾಡೋದು ನಿಲ್ಲಿಸಿಬಿಟ್ಟಿದ್ರೆ ಅಶ್ವಥ್ ಅವರಿಗೂ ಸಿಗ್ತಿರಲಿಲ್ಲ, ರಘು ದೀಕ್ಷಿತ್‌ಗೂ ಸಿಗ್ತಿರಲಿಲ್ಲ, ಇಂಗ್ಲೆಂಡಿಗಂತೂ ಹೋಗ್ತಾನೇ ಇರಲಿಲ್ಲ. ಲೆಕ್ಕಕ್ಕೆ ಬಾರದ ಕೆಲಸ ಅಂದ್ರೇನು ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಜನಗಣತಿಯವರು ಬಂದು "ನೀವು ಏನು ಕೆಲಸ ಮಾಡ್ತೀರಿ?" ಅಂತ ಕೇಳಿದಾಗ, ಒಳಗಿಂದ ಮನೆಯವರೇ "ಏನೂ ಇಲ್ಲ, ಮನೇಲಿರ್ತಾರೆ" ಅಂತ ಕೂಗಿದ್ದನ್ನ ಕೇಳಿದ್ದೀವಲ್ಲ.

ಅದಕ್ಕೇ ನಿಮಗೆಲ್ಲ ಒಂದು ಕೆಲಸ ಹಚ್ಚುತ್ತೀನಿ. ನಮ್ಮ ಮನೆಗಳಲ್ಲಿ ಎಂಬತ್ತು ದಾಟಿದ ಅತ್ತೆಯರು, ಅಮ್ಮಂದಿರು, ಸೋದರತ್ತೆಯರು ಇನ್ನೂ ಇದ್ದಾರೆ. ಮಾಗಡಿ ಕಡೆಯ ಸೋಬಾನೆ, ಕುಣಿಗಲ್ ಕಡೆಯ ಬೀಸೋ ಪದ, ಆರತಿ ಹಾಡು, ತತ್ವಪದ ಅವರ ಬಾಯಲ್ಲಿವೆ. "ಈಗ ಮರೆತುಹೋಗಿದೆ ಕಣಮ್ಮಾ" ಅಂತಾರೆ, ಆದ್ರೆ ಪಕ್ಕದಲ್ಲಿ ಕೂತು ಒಂದು ಸಾಲು ನಾವು ತಪ್ಪಾಗಿ ಹಾಡಿದ್ರೆ ಸಾಕು, ತಿದ್ದೋಕೆ ಅಂತ ಪೂರ್ತಿ ಹಾಡಿಬಿಡ್ತಾರೆ. ಮೊಬೈಲಿನಲ್ಲಿ ರೆಕಾರ್ಡ್ ಬಟನ್ ಒತ್ತಿ ಪಕ್ಕದಲ್ಲಿಡಿ. ಫ್ಯಾನ್ ಆರಿಸಿ, ಇಲ್ಲದಿದ್ರೆ ಫ್ಯಾನಿನ ಸದ್ದೇ ಜಾಸ್ತಿ ಬರುತ್ತೆ. ಹಾಡು ಮುಗಿದ ಮೇಲೆ ಯಾರಿಂದ ಕಲಿತದ್ದು, ಯಾವ ಊರು, ಯಾವಾಗ ಹಾಡ್ತಿದ್ರು ಅಂತ ಅವರ ದನಿಯಲ್ಲೇ ಹೇಳಿಸಿ. ಆಮೇಲೆ ಫೋನು ಕೆಟ್ಟುಹೋಗೋ ಮುಂಚೆ ಇನ್ನಿಬ್ಬರಿಗೆ ಕಳಿಸಿ ಇಡಿ. ನಾನು ನಮ್ಮತ್ತೆಯವರದು ಏಳು ಪದ ಹಿಡಿದಿದ್ದೀನಿ. ಎಂಟನೆಯದು ಅರ್ಧಕ್ಕೆ ನಿಂತಿದೆ. ಉಳಿದರ್ಧ ಅವರ ತಂಗಿಗೆ ಗೊತ್ತಂತೆ, ಬರೋ ಭಾನುವಾರ ನೆಲಮಂಗಲಕ್ಕೆ ಹೋಗಬೇಕು.